ಓದುಗರ ಪ್ರಶ್ನೆ: ಎಂಟು ಸೆಕೆಂಡಿಗೆ ಮೂರು ಕೆ.ಜಿ.

ಹೋದ ಸಂಚಿಕೆಯ ಕೊನೆಯಲ್ಲಿ, ಸೇನೆಯ ಮೆಷಿನ್ ಗನ್ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಎಂದಿದ್ದೆ. ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಅರ್ಧಕ್ಕರ್ಧ ಪತ್ರಗಳಲ್ಲಿ ಒಂದೇ ಪ್ರಶ್ನೆ: ನಿಮಿಷಕ್ಕೆ ಎಷ್ಟು ಗುಂಡು? ಅದಕ್ಕೂ ಬರುತ್ತೇನೆ, ಸ್ವಲ್ಪ ತಾಳಿ.

ಹೊಸ ಓದುಗರಿಗೆ ನನ್ನ ಪರಿಚಯ ಹೇಳಿಬಿಡುತ್ತೇನೆ. ನಾನು ಸೇನೆಯಲ್ಲಿ ಆರ್ಮರರ್, ಅಂದರೆ ಗನ್ ರಿಪೇರಿ ಮಾಡುವವನಾಗಿದ್ದೆ. ಗುಂಡು ಹಾರಿಸುವವನಲ್ಲ, ಹಾರದಿದ್ದಾಗ ಬೈಸಿಕೊಳ್ಳುವವನು. ನನ್ನ ಬೆಂಚಿನ ಮೇಲೆ ಜಾಸ್ತಿ ಕಾಲ ಮಲಗಿದ್ದದ್ದು ಬೆಲ್ಜಿಯಂನ ಎಂಎಜಿ ಅನ್ನುವ ಮೆಷಿನ್ ಗನ್. ನಮ್ಮ ಬಾಯಲ್ಲಿ ಅದು ಎಂಎಂಜಿ, ಅಂದರೆ ಮೀಡಿಯಂ ಮೆಷಿನ್ ಗನ್. ಹಾಗಾಗಿ ಉತ್ತರಗಳು ಅದರ ಕಡೆಗೇ ವಾಲಿದರೆ ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಸಿನಿಮಾದಲ್ಲಿ ಹೀರೋ ಮೆಷಿನ್ ಗನ್ ಹಿಡಿದು ಐದು ನಿಮಿಷ ಬಿಡದೆ ಗುಂಡು ಹಾರಿಸುತ್ತಾನೆ. ನಿಜವಾಗಿ ಎಷ್ಟು ಹೊತ್ತು ಸಾಧ್ಯ ಸರ್?

ಉತ್ತರ: ಮೊದಲು ಲೆಕ್ಕ ಹಾಕೋಣ. ಎಂಎಜಿ ನಿಮಿಷಕ್ಕೆ 650ರಿಂದ 1000 ಗುಂಡು ಹಾರಿಸುತ್ತದೆ. ಸುಮ್ನೆ 750 ಅಂತ ಇಟ್ಟುಕೊಳ್ಳಿ. ನೂರು ಗುಂಡಿನ ಬೆಲ್ಟ್ ಎಂಟು ಸೆಕೆಂಡಿಗೆ ಖಾಲಿ. ಆ ಬೆಲ್ಟಿನ ತೂಕ ಹೆಚ್ಚುಕಮ್ಮಿ ಮೂರು ಕೆ.ಜಿ. ಐದು ನಿಮಿಷಕ್ಕೆ 3,750 ಗುಂಡು ಬೇಕು, ಅದರ ತೂಕ ನೂರು ಕೆ.ಜಿ. ದಾಟುತ್ತದೆ. ಹೀರೋ ಇದನ್ನೆಲ್ಲ ಎಲ್ಲಿ ಇಟ್ಟುಕೊಂಡಿದ್ದಾನೆ ಅನ್ನುವುದು ನನ್ನ ಮೊದಲ ಅನುಮಾನ.

ಎರಡನೆಯದು ಬಿಸಿ. ಮೆಷಿನ್ ಗನ್ ಕಥೆಯೆಲ್ಲ ಕೊನೆಗೆ ಬಂದು ನಿಲ್ಲುವುದು ಇಲ್ಲೇ. ಮದ್ದು ಉರಿದಾಗ ಹುಟ್ಟುವ ಶಕ್ತಿಯಲ್ಲಿ ಗುಂಡಿಗೆ ಸಿಗುವುದು ಸುಮಾರು ಮೂರನೇ ಒಂದು ಪಾಲು. ಉಳಿದದ್ದು ಬಿಸಿ ಗ್ಯಾಸಾಗಿ ಬಾಯಿಯಿಂದ ಹೊರಗೆ ಹೋಗುತ್ತದೆ, ಒಂದಷ್ಟು ಬ್ಯಾರಲ್ಲಿಗೆ ಇಳಿಯುತ್ತದೆ. ಆ ಗ್ಯಾಸಿನ ಬಿಸಿ ಉಕ್ಕು ಕರಗುವ ಬಿಸಿಗಿಂತಲೂ ಜಾಸ್ತಿ. ಕಣ್ಣು ಮಿಟುಕಿಸುವ ಮೊದಲೇ ಹೋಗಿಬಿಡುತ್ತದೆ, ಅದಕ್ಕೇ ಬ್ಯಾರಲ್ ಉಳಿಯುತ್ತದೆ. ಆದರೆ ಸೆಕೆಂಡಿಗೆ ಹನ್ನೆರಡು ಸಲ ಹಾಗೇ ಆಗುತ್ತಿದ್ದರೆ?

ಎಂಎಜಿಯ ಅಮೆರಿಕನ್ ರೂಪಕ್ಕೆ ಎಂ240 ಅಂತ ಹೆಸರು. ಅದರ ಕೈಪಿಡಿ ಹೇಳುವ ಲೆಕ್ಕ ಹೀಗಿದೆ. ನಿಮಿಷಕ್ಕೆ 100 ಗುಂಡಿನಂತೆ, ಆರರಿಂದ ಒಂಬತ್ತು ಗುಂಡಿನ ಚಿಕ್ಕ ಚಿಕ್ಕ ಕಂತಿನಲ್ಲಿ ಹಾರಿಸಿದರೆ ಹತ್ತು ನಿಮಿಷಕ್ಕೊಮ್ಮೆ ಬ್ಯಾರಲ್ ಬದಲಿಸಬೇಕು. ನಿಮಿಷಕ್ಕೆ 200 ಆದರೆ ಎರಡು ನಿಮಿಷಕ್ಕೊಮ್ಮೆ. ಕುದುರೆ (ಟ್ರಿಗರ್) ಒತ್ತಿ ಹಿಡಿದೇ ಇದ್ದರೆ ಪ್ರತಿ ನಿಮಿಷಕ್ಕೂ. ನಿಮ್ಮ ಹೀರೋ ಐದು ನಿಮಿಷದಲ್ಲಿ ನಾಲ್ಕು ಸಲ ಬ್ಯಾರಲ್ ಬದಲಿಸಬೇಕಿತ್ತು. ಬಿಸಿಯಾದದ್ದನ್ನೇ ಮತ್ತೆ ಹಾಕುವ ಹಾಗಿಲ್ಲ, ಹಾಗಾಗಿ ಕೈಲಿ ಐದು ಬ್ಯಾರಲ್ ಇರಬೇಕು. ಒಂದೊಂದೂ ಸುಮಾರು ಮೂರು ಕೆ.ಜಿ.

ಬದಲಿಸದಿದ್ದರೆ ಏನಾಗುತ್ತೆ? ಬ್ಯಾರಲ್ ಒಳಗಿನ ಸುರುಳಿ ಗೀರುಗಳು, ಗುಂಡು ಕೂರುವ ಚೇಂಬರ್ ಹತ್ತಿರದಿಂದ ಸವೆಯುತ್ತಾ ಬರುತ್ತವೆ. ಗುಂಡು ಸರಿಯಾಗಿ ಸುತ್ತುವುದಿಲ್ಲ, ಅಡ್ಡಾದಿಡ್ಡಿ ಹೋಗುತ್ತದೆ. ಒಳಗೆ ಕ್ರೋಮ್ ಲೇಪ ಕೊಡುವುದು ಈ ಸವೆತವನ್ನು ನಿಧಾನ ಮಾಡಲು, ನಿಲ್ಲಿಸಲು ಅಲ್ಲ.

ಹಿಂದಿನವರು ಈ ಬಿಸಿಗೆ ನೀರು ಬಳಸಿದರು. 1884ರಲ್ಲಿ ಹೈರಮ್ ಮ್ಯಾಕ್ಸಿಮ್ ಮಾಡಿದ ಗನ್ನಿನ ಬ್ಯಾರಲ್ ಸುತ್ತ ನೀರಿನ ಕೊಳವೆ ಇತ್ತು. ಅದೇ ವಂಶದ ವಿಕರ್ಸ್ 1912ರಲ್ಲಿ ಬ್ರಿಟಿಷ್ ಸೇನೆಗೆ ಬಂತು. ಅದಕ್ಕೆ ನಾಲ್ಕು ಲೀಟರಿಗೂ ಜಾಸ್ತಿ ನೀರು ಬೇಕಿತ್ತು. ಬಿಡದೆ ಹಾರಿಸಿದರೆ ಕೆಲವೇ ನಿಮಿಷದಲ್ಲಿ ನೀರು ಕುದಿಯುತ್ತಿತ್ತು. ಗಂಟೆಗಟ್ಟಲೆ ಹಾರಿಸಬಹುದಿತ್ತು, ನಿಜ. ಆದರೆ ಅದನ್ನು ಹೊತ್ತುಕೊಂಡು ಓಡುವ ಹಾಗಿರಲಿಲ್ಲ. ನೀರು ಬಿಟ್ಟು ಗಾಳಿಯನ್ನೇ ನಂಬಿಕೊಂಡ ದಿನದಿಂದ ಬ್ಯಾರಲ್ ಅನ್ನುವುದು ಟಯರಿನ ಹಾಗೆ ಬದಲಿಸುವ ಸಾಮಾನಾಯಿತು.

ಪ್ರಶ್ನೆ: ರೈಫಲ್‌ನಲ್ಲಿ ಗುಂಡು ಮೊದಲೇ ಚೇಂಬರಿನಲ್ಲಿ ಕೂತಿರುತ್ತದೆ. ಮೆಷಿನ್ ಗನ್ನಿನಲ್ಲಿ ಬೋಲ್ಟ್ ಹಿಂದೆ ನಿಂತಿರುತ್ತದಂತೆ, ಯಾಕೆ?

ಉತ್ತರ: ಇದೂ ಬಿಸಿಯದೇ ಕಥೆ. ಬೋಲ್ಟ್ ಅಂದರೆ ಗುಂಡನ್ನು ಚೇಂಬರಿಗೆ ತಳ್ಳಿ ಹಿಂದಿನಿಂದ ಮುಚ್ಚಿ ಹಿಡಿಯುವ ಉಕ್ಕಿನ ತುಂಡು. ಕಾದ ಚೇಂಬರಿನಲ್ಲಿ ಗುಂಡನ್ನು ಬಿಟ್ಟು ಸುಮ್ಮನಿದ್ದರೆ ಅದು ಬೆಂದು ತಾನಾಗಿಯೇ ಹಾರುತ್ತದೆ. ಯಾರೂ ಕುದುರೆ ಮುಟ್ಟಿರುವುದಿಲ್ಲ. ಅದಕ್ಕೇ ಕುದುರೆ ಬಿಟ್ಟ ಕೂಡಲೇ ಬೋಲ್ಟ್ ಹಿಂದೆಯೇ ನಿಲ್ಲುತ್ತದೆ, ಚೇಂಬರ್ ಖಾಲಿ ಇರುತ್ತದೆ, ಬ್ಯಾರಲ್ ಒಳಗೆ ಗಾಳಿ ಆಡುತ್ತದೆ. ಮತ್ತೆ ಒತ್ತಿದಾಗ ಬೋಲ್ಟ್ ಮುಂದೆ ನುಗ್ಗಿ, ಗುಂಡನ್ನು ತಳ್ಳಿಕೊಂಡು ಹೋಗಿ, ಹಾರಿಸುತ್ತದೆ. ಆ ಭಾರದ ತುಂಡು ಮುಂದೆ ಧಾವಿಸುವಾಗ ಗನ್ ಒಂದಿಷ್ಟು ಅಲುಗುತ್ತದೆ, ಮೊದಲ ಗುಂಡಿನ ಗುರಿ ಸ್ವಲ್ಪ ತಪ್ಪುತ್ತದೆ. ಮೆಷಿನ್ ಗನ್ನಿಗೆ ಅದು ದೊಡ್ಡ ನಷ್ಟವಲ್ಲ.

ಪ್ರಶ್ನೆ: ಎಂಎಜಿ ಕಂಡುಹಿಡಿದವರು ಯಾರು? ಅದರಲ್ಲಿ ಅಂಥದ್ದೇನು ವಿಶೇಷ?

ಉತ್ತರ: ಬೆಲ್ಜಿಯಂನ ಲಿಯೇಜ್ ನಗರದ ಪಕ್ಕದಲ್ಲಿ ಹೆರ್‌ಸ್ಟಾಲ್ ಅಂತ ಊರಿದೆ. ಅಲ್ಲಿ 1889ರಲ್ಲಿ ಶುರುವಾದ ಎಫ್‌ಎನ್ ಕಾರ್ಖಾನೆಯಲ್ಲಿ ಅರ್ನೆಸ್ಟ್ ವೆರ್ವಿಯೆ ಅನ್ನುವ ವಿನ್ಯಾಸಕ 1950ರ ದಶಕದಲ್ಲಿ ಇದನ್ನು ರೂಪಿಸಿದ. ತಯಾರಿಕೆ ಶುರುವಾದದ್ದು 1958ರಲ್ಲಿ.

ಕಂಡುಹಿಡಿದ ಅನ್ನುವ ಮಾತು ಇಲ್ಲಿ ಅಷ್ಟು ಸರಿಹೋಗುವುದಿಲ್ಲ. ವೆರ್ವಿಯೆ ಹೊಸದಾಗಿ ಕಂಡುಹಿಡಿದದ್ದು ಕಡಿಮೆ. ಇದ್ದದ್ದನ್ನು ಆರಿಸಿ, ಒಂದನ್ನು ತಲೆಕೆಳಗು ಮಾಡಿ, ಜೋಡಿಸಿದ. ನನಗೆ ಆ ಮನುಷ್ಯನ ಮೇಲೆ ಮರ್ಯಾದೆ ಬಂದದ್ದೇ ಅದಕ್ಕೆ.

ನೋಡಿ, ಅಮೆರಿಕದ ಜಾನ್ ಬ್ರೌನಿಂಗ್ ಮೊದಲ ಮಹಾಯುದ್ಧದ ಹೊತ್ತಿಗೆ ಬಾರ್ ಅನ್ನುವ ಆಟೊಮ್ಯಾಟಿಕ್ ರೈಫಲ್ ಮಾಡಿದ್ದ. ಬ್ರೌನಿಂಗ್‌ಗೂ ಎಫ್‌ಎನ್‌ಗೂ ಹಳೆಯ ನಂಟು. 1926ರಲ್ಲಿ ಅವನು ತೀರಿಕೊಂಡದ್ದೂ ಅದೇ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದಾಗಲೇ. ಬಾರ್ ಗನ್ನನ್ನು ಎಫ್‌ಎನ್ ತಾನೂ ತಯಾರಿಸುತ್ತಿತ್ತು, ಅದರ ಗುಣ ದೋಷ ಅಲ್ಲಿಯವರಿಗೆ ಅಂಗೈ ನೆಲ್ಲಿ. ಗುಂಡು ಹಾರುವಾಗ ಬೋಲ್ಟ್ ಹಿಂದೆ ಬರದ ಹಾಗೆ ಏನಾದರೂ ತಡೆದು ಹಿಡಿಯಬೇಕಲ್ಲ? ಬಾರ್‌ನಲ್ಲಿ ಒಂದು ಗಟ್ಟಿ ಉಕ್ಕಿನ ತುಂಡು ಮೇಲಕ್ಕೆ ಎದ್ದು ಗನ್ನಿನ ಚಾವಣಿಗೆ ಆತುಕೊಳ್ಳುತ್ತದೆ. ಬಾಗಿಲಿಗೆ ಒಳಗಿನಿಂದ ಗೂಟ ಕೊಟ್ಟ ಹಾಗೆ. ಗುಂಡಿನ ಮ್ಯಾಗಜಿನ್ ಕೆಳಗಿನಿಂದ ಬರುತ್ತಿದ್ದುದರಿಂದ ಚಾವಣಿ ಖಾಲಿ ಇತ್ತು, ತೊಂದರೆ ಇರಲಿಲ್ಲ.

ವೆರ್ವಿಯೆಗೆ ಬೇಕಿದ್ದದ್ದು ಬೆಲ್ಟ್. ಬೆಲ್ಟ್ ಮೇಲಿನಿಂದ ಬಂದರೆ ಚಾವಣಿಯಲ್ಲಿ ಜಾಗ ಎಲ್ಲಿ? ಅವನು ಬ್ರೌನಿಂಗ್ ಬೀಗವನ್ನು ಅಂಗಾತ ಮಲಗಿಸಿಬಿಟ್ಟ. ಈಗ ಆ ತುಂಡು ಮೇಲೇಳುವುದಿಲ್ಲ, ಕೆಳಗಿಳಿದು ನೆಲದಲ್ಲಿರುವ ಮೆಟ್ಟಿಲಿಗೆ ಒದ್ದುಕೊಂಡು ನಿಲ್ಲುತ್ತದೆ. ಮಹಡಿ ಪೂರ್ತಿ ಬೆಲ್ಟಿಗೆ ಬಿಟ್ಟಾಯಿತು. ಇಷ್ಟೇ. ಆದರೆ ಇದನ್ನು ಯೋಚಿಸಿದವನು ಅವನೊಬ್ಬ.

ಬೆಲ್ಟ್ ಎಳೆಯುವ ಯಂತ್ರವನ್ನು ಎರಡನೇ ಮಹಾಯುದ್ಧದ ಜರ್ಮನ್ ಮೆಷಿನ್ ಗನ್ ಎಂಜಿ42ರಿಂದ ತೆಗೆದುಕೊಂಡ. ಕುದುರೆಯ ಕಡೆಯ ಯಂತ್ರಕ್ಕೂ ಮಾದರಿ ಅದೇ. ಬೆಲ್ಟಿನ ಮೇಲಿನ ಮುಚ್ಚಳ, ಅಂದರೆ ಫೀಡ್ ಕವರ್, ಎತ್ತಿ ನೋಡಿದರೆ ಒಳಗೆ ಒಂದು ಉದ್ದದ ತೋಳು ಕಾಣುತ್ತದೆ, ಅದರಲ್ಲೊಂದು ಕಾಲುವೆ. ಬೋಲ್ಟಿನ ತಲೆಯ ಮೇಲಿರುವ ಪುಟ್ಟ ರೋಲರ್ ಆ ಕಾಲುವೆಯಲ್ಲಿ ಹಿಂದೆ ಮುಂದೆ ಓಡುತ್ತದೆ. ಓಡುವಾಗ ತೋಳು ಎಡಕ್ಕೂ ಬಲಕ್ಕೂ ತೂಗುತ್ತದೆ. ತೂಗಿದ ಹಾಗೆಲ್ಲ ಬೆಲ್ಟ್ ಪಕ್ಕಕ್ಕೆ ಸರಿಯುತ್ತದೆ. ಇದರಲ್ಲಿ ಒಂದು ಜಾಣತನ ಇದೆ. ಬೆಲ್ಟ್ ಒಂದೇ ಏಟಿಗೆ ಪೂರ್ತಿ ಸರಿಯುವುದಿಲ್ಲ. ಬೋಲ್ಟ್ ಹಿಂದೆ ಬರುವಾಗ ಅರ್ಧ ಹೆಜ್ಜೆ, ಮುಂದೆ ಹೋಗುವಾಗ ಅರ್ಧ ಹೆಜ್ಜೆ. ಬಾವಿಯಿಂದ ಕೊಡ ಎಳೆಯುವಾಗ ಒಂದು ಕೈ ಬಿಟ್ಟು ಇನ್ನೊಂದು ಕೈ ಹಿಡಿಯುತ್ತೇವಲ್ಲ, ಹಾಗೆ. ಜೋತುಬಿದ್ದ ಭಾರದ ಬೆಲ್ಟನ್ನು ಜಗ್ಗದೆ ಎಳೆಯಲು ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ.

ಮೈ ಬೇರೆ ಉಕ್ಕಿನ ಹಲಗೆಗಳನ್ನು ರಿವೆಟ್ ಹೊಡೆದು ಜೋಡಿಸಿದ್ದು. ನೋಡಲು ಚೆಂದವೇನಿಲ್ಲ, ಹಳೆಯ ಟ್ರಂಕಿನ ಹಾಗಿದೆ. ಟ್ರಂಕಿನ ಹಾಗೇ ಬಾಳುತ್ತದೆ ಕೂಡ. 80ಕ್ಕೂ ಹೆಚ್ಚು ದೇಶಗಳು ಇದನ್ನು ಬಳಸಿವೆ. 1982ರ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಂತೂ ಬ್ರಿಟಿಷರ ಕೈಯಲ್ಲೂ ಇದೇ, ಅರ್ಜೆಂಟೀನಾದವರ ಕೈಯಲ್ಲೂ ಇದೇ.

ಪ್ರಶ್ನೆ: ಜರ್ಮನರ ಎಂಜಿ42 ನಿಮಿಷಕ್ಕೆ 1200 ಗುಂಡು ಹಾರಿಸುತ್ತಿತ್ತು. ಆಮೇಲೆ ಬಂದ ಗನ್‌ಗಳು ಯಾಕೆ ನಿಧಾನ? ವೇಗ ಜಾಸ್ತಿ ಇದ್ದಷ್ಟು ಒಳ್ಳೆಯದಲ್ಲವೇ?

ಉತ್ತರ: ಬಂತು ನೋಡಿ ಆ ಪ್ರಶ್ನೆ. 1200 ಅಂದರೆ ಸೆಕೆಂಡಿಗೆ 20. ಕಿವಿಗೆ ಬಿಡಿ ಬಿಡಿ ಶಬ್ದ ಕೇಳಿಸದು, ಬಟ್ಟೆ ಹರಿದ ಹಾಗೆ ಕೇಳುತ್ತದೆ. ಎದುರಿಗಿದ್ದವರಿಗೆ ಎಷ್ಟು ಹೆದರಿಕೆ ಅಂದರೆ, ಅದರ ಶಬ್ದಕ್ಕೆ ಅಂಜಬೇಡಿ ಅಂತ ಧೈರ್ಯ ಹೇಳಲು ಅಮೆರಿಕದ ಸೇನೆ ತನ್ನ ಸೈನಿಕರಿಗೆ ಒಂದು ತರಬೇತಿ ಚಿತ್ರವನ್ನೇ ಮಾಡಿ ತೋರಿಸಿತ್ತು.

ಆದರೆ ನೂರು ಗುಂಡು ಐದೇ ಸೆಕೆಂಡಿಗೆ ಮುಗಿದರೆ ಮತ್ತೆ ನೂರು ತರುವವನು ಬೇಕು, ಅವನ ಹಿಂದೆ ಇನ್ನೊಬ್ಬ ಬೇಕು. ಬ್ಯಾರಲ್ ಬೇಗ ಕಾಯುತ್ತದೆ. ವೇಗ ಅನ್ನುವುದು ಪುಸ್ತಕದಲ್ಲಿ ಓದುವವರಿಗೆ ಖುಷಿ, ಹೊರುವವರಿಗೆ ಅಲ್ಲ. ಎಂಎಜಿಯಲ್ಲಿ ಮದ್ದಿನ ಗ್ಯಾಸ್ ಒಂದಷ್ಟು ಬಂದು ಪಿಸ್ಟನ್ ತಳ್ಳಿ ಬೋಲ್ಟನ್ನು ಹಿಂದೆ ಓಡಿಸುತ್ತದೆ. ಎಷ್ಟು ಗ್ಯಾಸ್ ಬರಬೇಕು ಅಂತ ಹೇಳುವ ರೆಗ್ಯುಲೇಟರ್ ತಿರುಗಿಸಿ ವೇಗ ಏರಿಸಬಹುದು. ಆದರೆ ಅದು ಅಲ್ಲಿರುವುದು ಶೋಕಿಗಲ್ಲ. ಹಾರಿಸುತ್ತಾ ಹೋದ ಹಾಗೆ ಒಳಗೆ ಕಾರ್ಬನ್ ಕಟ್ಟುತ್ತದೆ, ಪಿಸ್ಟನ್ ಬಿಗಿಯಾಗುತ್ತದೆ, ಗನ್ ಏದುಸಿರು ಬಿಡಲು ಶುರುಮಾಡುತ್ತದೆ. ಆಗ ಒಂದು ಗುರುತು ಮುಂದೆ ತಿರುಗಿಸಿದರೆ ಸ್ವಲ್ಪ ಜಾಸ್ತಿ ಗ್ಯಾಸ್ ಸಿಕ್ಕಿ ಮತ್ತೆ ಓಡುತ್ತದೆ. ಹೊಸ ಗನ್ನನ್ನು ಮೊದಲ ದಿನವೇ ಕೊನೆಯ ಗುರುತಿಗೆ ಇಡುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಎಂಜಿ42ರ ನಿಜವಾದ ಹೆಚ್ಚುಗಾರಿಕೆ ವೇಗವಲ್ಲ, ಅದನ್ನು ಮಾಡಿದ ರೀತಿ. ಅದರ ಹಿಂದಿನ ಎಂಜಿ34 ಗಡಿಯಾರದ ಹಾಗೆ ಕಡೆದು ಕಡೆದು ಮಾಡಿದ ಗನ್. ಒಳ್ಳೆಯದೇ, ಆದರೆ ದುಬಾರಿ, ಕೆಸರು ಹೊಕ್ಕರೆ ಮುನಿಸು. ಡ್ಯೋಬೆಲ್ನ್ ಊರಿನ ಗ್ರಾಸ್‌ಫಸ್ ಅನ್ನುವ ಕಾರ್ಖಾನೆ ತಗಡು ಒತ್ತಿ ಸಾಮಾನು ಮಾಡುವುದರಲ್ಲಿ ಪಳಗಿತ್ತು, ಗನ್ ಮಾಡಿದ ಅನುಭವ ಇರಲಿಲ್ಲ. ಅಲ್ಲಿದ್ದ ವೆರ್ನರ್ ಗ್ರೂನರ್‌ಗೂ ಗನ್ ಗೊತ್ತಿರಲಿಲ್ಲ, ಅಚ್ಚಿನಲ್ಲಿ ಸಾವಿರಗಟ್ಟಲೆ ಒಂದೇ ತರಹ ಒತ್ತಿ ತೆಗೆಯುವುದು ಗೊತ್ತಿತ್ತು. ಅವನು ಮೊದಲು ಮೆಷಿನ್ ಗನ್ ತರಬೇತಿಗೆ ಹೋಗಿ ಸೈನಿಕರ ಜೊತೆ ಕೂತು ಅವರಿಗೇನು ಬೇಕು ಅಂತ ತಿಳಿದುಕೊಂಡ. ಆಮೇಲೆ ತಗಡು ಒತ್ತಿ, ವೆಲ್ಡ್ ಮಾಡಿ, ಎಂಜಿ34ಕ್ಕೆ ಹಿಡಿಯುತ್ತಿದ್ದ ಸಮಯದ ಸುಮಾರು ಅರ್ಧಕ್ಕೇ ಮುಗಿಯುವ ಗನ್ ಮಾಡಿಕೊಟ್ಟ.

ಇದನ್ನು ಕಂಡ ಅಮೆರಿಕನ್ನರು ಯುದ್ಧದ ನಡುವೆಯೇ ತಮ್ಮ ಗುಂಡಿಗೆ ಹೊಂದುವ ನಕಲು ಮಾಡಹೊರಟರು, ಟಿ24 ಅಂತ. ಜರ್ಮನ್ ಗುಂಡಿನ ಕೇಸ್, ಅಂದರೆ ಮದ್ದು ತುಂಬುವ ಕೊಳವೆಯ ಉದ್ದ 57 ಮಿ.ಮೀ., ಅಮೆರಿಕನ್ ಗುಂಡಿನದು 63. ಈ ವ್ಯತ್ಯಾಸಕ್ಕೆ ಬೇಕಾದಷ್ಟು ಜಾಗವನ್ನು ನಕ್ಷೆ ಮಾಡಿದವರು ಬಿಡಲೇ ಇಲ್ಲ. ಗನ್ ಸಿಕ್ಕಿಹಾಕಿಕೊಳ್ಳುತ್ತಲೇ ಇತ್ತು, ಯೋಜನೆ ಅಲ್ಲಿಗೇ ಮುಗಿಯಿತು. ಆರು ಮಿಲಿಮೀಟರ್! ನನ್ನ ಕೈಕೆಳಗಿನ ಹುಡುಗರಿಗೆ ಗೇಜ್ ಹಿಡಿದು ಅಳೆಯಿರಿ, ಕಣ್ಣಳತೆ ಬೇಡ ಅಂತ ಬೈಯುವಾಗೆಲ್ಲ ಈ ಕಥೆ ಹೇಳುತ್ತಿದ್ದೆ.

ಪ್ರಶ್ನೆ: ಲೈಟ್, ಮೀಡಿಯಂ, ಹೆವಿ ಅಂತಾರಲ್ಲ, ಏನು ವ್ಯತ್ಯಾಸ?

ಉತ್ತರ: ಒಬ್ಬನೇ ಹೊತ್ತು ಓಡಿದರೆ ಲೈಟ್. ಮೂರುಕಾಲಿನ ಮೇಲೆ ಕೂರಿಸಿ ದೂರಕ್ಕೆ ಹಾರಿಸಿದರೆ ಮೀಡಿಯಂ. ಹನ್ನೆರಡೂ ಚಿಲ್ಲರೆ ಮಿಲಿಮೀಟರ್ ಗುಂಡಿನದಾದರೆ ಹೆವಿ. ಎಂಜಿ34 ಬಂದಾಗಿನಿಂದ ಮೊದಲ ಎರಡರ ನಡುವಿನ ಗೆರೆ ಅಳಿಸಿಹೋಯಿತು. ಅದೇ ಗನ್ನು ಎರಡು ಕಾಲಿನ ಮೇಲಿದ್ದರೆ ಲೈಟ್, ಮೂರು ಕಾಲಿನ ಮೇಲಿದ್ದರೆ ಮೀಡಿಯಂ. ಎಂಎಜಿಯೂ ಅಷ್ಟೇ: ಎರಡು ಕಾಲಿನ ಮೇಲೆ 800 ಮೀಟರ್, ಮೂರು ಕಾಲಿನ ಮೇಲೆ 1,800 ಮೀಟರ್. ಬ್ರಿಟಿಷರು ಇದೊಂದನ್ನೇ ತಂದು ಬ್ರೆನ್ ಅನ್ನುವ ಲೈಟ್ ಗನ್, ವಿಕರ್ಸ್ ಎರಡರ ಕೆಲಸವನ್ನೂ ಒಪ್ಪಿಸಿದರು. ವಿಕರ್ಸ್ 1968ರಲ್ಲಿ ನಿವೃತ್ತಿಯಾಯಿತು, 56 ವರ್ಷ ಸೇವೆ ಮಾಡಿ.

ಪ್ರಶ್ನೆ: ಅಮೆರಿಕದಂಥ ದೇಶ ಬೆಲ್ಜಿಯಂ ಗನ್ ತೆಗೆದುಕೊಂಡಿದ್ದು ಯಾಕೆ? ಅವರ ಹತ್ತಿರ ಎಂ60 ಇತ್ತಲ್ಲ?

ಉತ್ತರ: ಇತ್ತು. 1957ರಲ್ಲಿ ಸೇನೆಗೆ ಬಂತು. ಅದಕ್ಕೂ ಮೂಲ ಜರ್ಮನ್ ಗನ್‌ಗಳೇ. ಬೋಲ್ಟಿನ ಕಡೆ ಎಫ್‌ಜಿ42ರದು, ಬೆಲ್ಟಿನ ಕಡೆ ಎಂಜಿ42ರದು. ಅಂದರೆ ವೆರ್ವಿಯೆ ಮಾಡಿದ ಕೆಲಸವನ್ನೇ ಅವರೂ ಮಾಡಿದ್ದು. ಕಾಗದದ ಮೇಲೆ ಎರಡಕ್ಕೂ ಅಂಥ ದೊಡ್ಡ ವ್ಯತ್ಯಾಸವಿಲ್ಲ. ವ್ಯತ್ಯಾಸ ಕಾಣುವುದು ಬ್ಯಾರಲ್ ಬದಲಿಸುವಾಗ.

ಎಂಎಜಿಯಲ್ಲಿ ಹೊತ್ತೊಯ್ಯುವ ಹಿಡಿ ಬ್ಯಾರಲ್ ಮೇಲೇ ಇದೆ. ಕಾಲುಗಳು ಗನ್ನಿನ ಮೈಗೆ ಸೇರಿವೆ. ಬ್ಯಾರಲ್ ಕಾದರೆ ಗುಂಡಿ ಒತ್ತಿ, ಹಿಡಿಯನ್ನು ತಿರುಗಿಸಿ, ಮುಂದಕ್ಕೆ ಎಳೆದರೆ ಬಂತು. ಕೈ ಬಿಸಿಗೆ ತಾಗುವುದೇ ಇಲ್ಲ, ಗನ್ ನಿಂತಲ್ಲೇ ನಿಂತಿರುತ್ತದೆ. ಮೊದಲಿನ ಎಂ60ಯಲ್ಲಿ ಬ್ಯಾರಲ್ಲಿಗೆ ಹಿಡಿಯೇ ಇರಲಿಲ್ಲ. ಕಾಲುಗಳನ್ನು ಬ್ಯಾರಲ್ಲಿಗೇ ಕಟ್ಟಿದ್ದರು, ಗ್ಯಾಸ್ ಸಿಲಿಂಡರನ್ನೂ ಸೇರಿಸಿ. ಬ್ಯಾರಲ್ ತೆಗೆದರೆ ಕಾಲೂ ಹೋಯಿತು. ಗನ್ನರ್ ಗನ್ನನ್ನು ಎತ್ತಿ ಹಿಡಿದುಕೊಂಡು ಕೂರಬೇಕು, ಜೊತೆಗಾರ ಕಲ್ನಾರಿನ ಕೈಗವಸು ಹಾಕಿಕೊಂಡು ಕಾದ ಬ್ಯಾರಲ್ ಕೀಳಬೇಕು. ಕತ್ತಲಲ್ಲಿ ಆ ಕೈಗವಸು ಎಲ್ಲೋ ಬಿದ್ದುಹೋಗಿದ್ದರೆ? ಒಂದೊಂದು ಬದಲಿ ಬ್ಯಾರಲ್ ಜೊತೆಗೂ ಒಂದೊಂದು ಜೊತೆ ಕಾಲು, ಒಂದೊಂದು ಸಿಲಿಂಡರ್ ಹೊರಬೇಕು. ಯಾರ ಪುಣ್ಯಕ್ಕೆ?

ಇನ್ನೊಂದು ಕೇಳಿ. ಅದರ ಗ್ಯಾಸ್ ಪಿಸ್ಟನ್ನನ್ನು ಹಿಂದುಮುಂದಾಗಿಯೂ ಹಾಕಬಹುದಿತ್ತು. ಸಲೀಸಾಗಿ ಕೂರುತ್ತದೆ, ಯಾವ ಅಡ್ಡಿಯೂ ಆಗದು. ಆಮೇಲೆ ಹಾರಿಸಿದರೆ ಒಂದೇ ಗುಂಡು ಹಾರಿ ನಿಲ್ಲುತ್ತದೆ. ತಪ್ಪಾಗಿ ಕೂರಬಲ್ಲ ಭಾಗವನ್ನು ಯಾವನೋ ಒಬ್ಬ ನಿದ್ದೆಗೆಟ್ಟವನು ತಪ್ಪಾಗಿ ಕೂರಿಸಿಯೇ ಕೂರಿಸುತ್ತಾನೆ. ಅವನನ್ನು ಬೈದು ಪ್ರಯೋಜನವಿಲ್ಲ. ಹಾಗೆ ಕೂರಲು ಬಿಟ್ಟವನನ್ನು ಬೈಯಬೇಕು.

1970ರ ದಶಕದಲ್ಲಿ ಟ್ಯಾಂಕಿಗೆ ಗನ್ ಬೇಕಾಗಿ ಅಮೆರಿಕನ್ನರು ಎರಡನ್ನೂ ಪಕ್ಕಪಕ್ಕ ಇಟ್ಟು ಪರೀಕ್ಷೆ ಮಾಡಿದರು. ಎಂ60ಯ ಟ್ಯಾಂಕ್ ರೂಪ ಸರಾಸರಿ 846 ಗುಂಡಿಗೊಮ್ಮೆ ನಿಂತಿತು. ಎಂಎಜಿ ನಿಂತದ್ದು 2,962 ಗುಂಡಿಗೊಮ್ಮೆ. 1977ರಲ್ಲಿ ಅದನ್ನು ಎಂ240 ಅಂತ ಹೆಸರಿಟ್ಟು ಒಳಗೆ ಕರೆದುಕೊಂಡರು. ಕಾಲಾಳುಗಳ ಕೈಗೆ ಬಂದದ್ದು 1990ರ ದಶಕದಲ್ಲಿ, ಮೊದಲು ಮರೀನ್‌ಗಳಿಗೆ, ಆಮೇಲೆ ಸೇನೆಗೆ. ತಮಾಷೆ ಏನೆಂದರೆ ಬೀಗ ಅವರದೇ ಬ್ರೌನಿಂಗ್‌ನದು. ಅಂಗಾತ ಮಲಗಿಕೊಂಡು ಬೆಲ್ಜಿಯಂನಿಂದ ಮನೆಗೆ ವಾಪಸು ಬಂತು, ಅಲ್ವಾ?

ಪ್ರಶ್ನೆ: ನಿಮ್ಮ ಕೈಗೆ ಬಂದ ಗನ್ ರಿಪೇರಿ ಆಗದೆ ಸೋತದ್ದುಂಟಾ? ಮುಚ್ಚುಮರೆ ಇಲ್ಲದೆ ಹೇಳಿ.

ಉತ್ತರ: ಸೋತದ್ದು ಬೇಕಾದಷ್ಟಿದೆ. ಒಂದು ಹೇಳುತ್ತೇನೆ.

ನಾನಿನ್ನೂ ಹೊಸಬ. ಫೈರಿಂಗ್ ರೇಂಜಿನಲ್ಲಿ ಒಂದು ಎಂಎಂಜಿ ಪದೇ ಪದೇ ರೋಕ್ ಆಗುತ್ತಿತ್ತು. ಕೆಲಸದ ನಡುವೆ ಗನ್ ನಿಂತುಹೋಗುವುದಕ್ಕೆ ಸೇನೆಯಲ್ಲಿ ಹಾಗೆನ್ನುತ್ತಾರೆ. ಒಮ್ಮೆ ಹದಿನೈದು ಗುಂಡಿಗೆ, ಇನ್ನೊಮ್ಮೆ ನಲವತ್ತಕ್ಕೆ, ಲೆಕ್ಕವೇ ಇಲ್ಲ. ನಾನು ಶೂರನ ಹಾಗೆ ಶುರುಮಾಡಿದೆ. ಬ್ಯಾರಲ್ ಬದಲಿಸಿದೆ. ರೆಗ್ಯುಲೇಟರ್ ಬಿಚ್ಚಿ ಕಾರ್ಬನ್ ಕೆರೆದೆ. ಖಾಲಿ ಕೇಸ್ ಎಳೆದು ತೆಗೆಯುವ ಎಕ್ಸ್‌ಟ್ರಾಕ್ಟರಿನ ಸ್ಪ್ರಿಂಗ್ ಹೊಸದು ಹಾಕಿದೆ. ಬೋಲ್ಟ್ ಪೂರ್ತಿ ಬಿಚ್ಚಿ ಜೋಡಿಸಿದೆ. ಮಧ್ಯಾಹ್ನವಾಯಿತು, ಗನ್ ಹಾಗೇ ಇದೆ. ಗನ್ನರ್ ನನ್ನ ಕಡೆ ನೋಡುವುದನ್ನೂ ಬಿಟ್ಟಿದ್ದ.

ನಮ್ಮ ಉಸ್ತಾದ್ ಬಂದರು. ಗನ್ನನ್ನು ಮುಟ್ಟಲೂ ಇಲ್ಲ. ಪೆಟ್ಟಿಗೆಯಿಂದ ಬೆಲ್ಟ್ ಎತ್ತಿಕೊಂಡು ಜಪಮಾಲೆ ಎಣಿಸುವ ಹಾಗೆ ಹೆಬ್ಬೆರಳಿನ ಕೆಳಗೆ ಒಂದೊಂದೇ ಗುಂಡನ್ನು ಸರಿಸುತ್ತಾ ಹೋದರು. ಒಂದು ಕಡೆ ಬೆರಳು ನಿಂತಿತು. ಆ ಗುಂಡು ಪಕ್ಕದವುಗಳಿಗಿಂತ ಉಗುರಿನ ದಪ್ಪದಷ್ಟು ಮುಂದೆ ಚಾಚಿತ್ತು. ಇನ್ನೂ ಮುಂದೆ ಹೋದರೆ ಇನ್ನೊಂದು.

ಈ ಬೆಲ್ಟ್ ಅಂದರೆ ಬಟ್ಟೆಯ ಪಟ್ಟಿಯಲ್ಲ. ಸಣ್ಣ ಸಣ್ಣ ಉಕ್ಕಿನ ಲಿಂಕ್‌ಗಳು. ಗುಂಡೇ ಎರಡು ಲಿಂಕ್‌ಗಳನ್ನು ಹಿಡಿದಿರುವ ಕೀಲು. ಗುಂಡನ್ನು ತಳ್ಳಿದ ಮೇಲೆ ಲಿಂಕ್ ಬಿಡಿಯಾಗಿ ಬಲಗಡೆ ಉದುರುತ್ತದೆ, ಖಾಲಿ ಕೇಸ್ ಕೆಳಗೆ ಬೀಳುತ್ತದೆ. ಅಭ್ಯಾಸಕ್ಕೆ ಅಂತ ಯಾರೋ ಉದುರಿದ ಲಿಂಕ್‌ಗಳನ್ನೇ ಆರಿಸಿ ಮತ್ತೆ ಗುಂಡು ಪೋಣಿಸಿದ್ದರು. ಲಿಂಕ್ ಸ್ಪ್ರಿಂಗಿನ ಹಾಗೆ ಗುಂಡನ್ನು ಕಚ್ಚಿ ಹಿಡಿಯಬೇಕು. ಹಳೆಯದಾದರೆ ಹಿಡಿತ ಸಡಿಲ, ಪೆಟ್ಟಿಗೆ ಕುಲುಕಿದಾಗ ಗುಂಡು ಜಾರುತ್ತದೆ. ಜಾರಿದ ಗುಂಡು ಬೆಲ್ಟ್ ಕೂರುವ ಫೀಡ್ ಟ್ರೇಗೆ ಓರೆಯಾಗಿ ಬಂದರೆ ಮುಗಿಯಿತು.

“ಗನ್ನಿಗೆ ಏನೂ ಆಗಿಲ್ಲ, ಅದಕ್ಕೆ ಹಾಕಿದ ಊಟ ಕೆಟ್ಟಿದೆ” ಅಂದರು ಉಸ್ತಾದ್. ಬೆಳಗಿನಿಂದ ನಾನು ಬೆಲ್ಟಿನ ಕಡೆ ಒಮ್ಮೆಯೂ ನೋಡಿರಲಿಲ್ಲ.

ಪ್ರಶ್ನೆ: ಗನ್ ಹನ್ನೆರಡು ಕೆ.ಜಿ. ತೂಗುತ್ತದಂತೆ. ಹಗುರ ಮಾಡಲು ಇಷ್ಟು ವರ್ಷ ಯಾರಿಗೂ ಆಗಲಿಲ್ಲವೇ?

ಉತ್ತರ: ಎಲ್ಲರೂ ಪ್ರಯತ್ನಿಸಿದ್ದಾರೆ. ಎಂ60 ಬಿಟ್ಟು ಎಂ240 ಹಿಡಿದ ಅಮೆರಿಕನ್ ಸೈನಿಕರ ಮೊದಲ ಗೊಣಗಾಟವೇ ಅದು. ಎಂ60 ಹತ್ತೂವರೆ ಕೆ.ಜಿ., ಎಂ240ಬಿ ಹನ್ನೆರಡೂವರೆ. ಆಮೇಲೆ ಮೈಗೆ ಉಕ್ಕಿನ ಬದಲು ಟೈಟೇನಿಯಂ ಹಾಕಿ ಎಂ240ಎಲ್ ಮಾಡಿದರು. ಸುಮಾರು ಹತ್ತು ಕೆ.ಜಿ.ಗೆ ಇಳಿಯಿತು.

ಇದರಲ್ಲಿ ಗೆದ್ದವನು ಕಲಾಶ್ನಿಕೋವ್ ಅಂತ ನನ್ನ ಅಭಿಪ್ರಾಯ. ಹೌದು, ಅದೇ ಎಕೆ47ರವನು. 1969ರ ಅವನ ಪಿಕೆಎಂ ಬರೀ ಏಳೂವರೆ ಕೆ.ಜಿ. ಅದೂ 1891ರಷ್ಟು ಹಳೆಯ ರಷ್ಯನ್ ಗುಂಡನ್ನು ಇಟ್ಟುಕೊಂಡು. ಆ ಗುಂಡಿನ ಬುಡದಲ್ಲಿ ಅಂಚು ಹೊರಗೆ ಚಾಚಿಕೊಂಡಿದೆ. ಎಂಎಜಿಯಲ್ಲಿ ಮಾಡುವ ಹಾಗೆ ನೇರ ಮುಂದಕ್ಕೆ ತಳ್ಳಿದರೆ ಅದು ಬೆಲ್ಟಿನಿಂದ ಬಿಡುವುದಿಲ್ಲ. ಮೊದಲು ಹಿಂದಕ್ಕೆ ಎಳೆದು, ಕೆಳಗೆ ಇಳಿಸಿ, ಆಮೇಲೆ ಮುಂದೆ ತಳ್ಳಬೇಕು. ಮೂರು ಕೆಲಸ. ಅಷ್ಟು ಕಷ್ಟದ ಗುಂಡಿಗೆ ಅಷ್ಟು ಹಗುರದ, ಅಷ್ಟು ನಂಬಿಕೆಯ ಗನ್ ಮಾಡಿದ್ದಾನೆ. ಎಂಎಜಿ ಪ್ರೇಮಿಯಾದ ನಾನೇ ಒಪ್ಪಿಕೊಳ್ಳುತ್ತೇನೆ.

ಇನ್ನೊಂದು ದಾರಿ ಗುಂಡನ್ನೇ ಚಿಕ್ಕದು ಮಾಡುವುದು. ವೆರ್ವಿಯೆ ಆಮೇಲೆ ಮಿನಿಮಿ ಅನ್ನುವ ಗನ್ ಶುರುಮಾಡಿದ, 5.56 ಮಿ.ಮೀ. ಗುಂಡಿನದು. ಏಳು ಕೆ.ಜಿ. ಆಸುಪಾಸು. ಒಂದೊಂದು ಗುಂಡೂ ಅರ್ಧ ತೂಕ, ಹಾಗಾಗಿ ಅಷ್ಟೇ ಭಾರಕ್ಕೆ ಎರಡರಷ್ಟು ಗುಂಡು ಹೊರಬಹುದು. ದೂರ ಮಾತ್ರ ಕಡಿಮೆಯಾಯಿತು.

ತೀರಾ ಹೊಸದೆಂದರೆ 2022ರಲ್ಲಿ ಅಮೆರಿಕದ ಸೇನೆ ಆರಿಸಿಕೊಂಡ ಸಿಗ್ ಕಂಪನಿಯ ಗನ್, 6.8 ಮಿ.ಮೀ. ಗುಂಡಿನದು, ತೂಕ ಆರು ಕೆ.ಜಿ.ಯ ಒಳಗೆ. ಕೇಳಿ ಖುಷಿಯಾಯಿತು. ಆಮೇಲೆ ನೋಡಿದರೆ ಅದರಲ್ಲಿ ಬ್ಯಾರಲ್ ಥಟ್ಟನೆ ಬದಲಿಸುವ ಏರ್ಪಾಟೇ ಇಲ್ಲ. ಕಡಿಮೆ ಗುಂಡು ಹಾರಿಸಿ, ಗುರಿ ಇಟ್ಟು ಹಾರಿಸಿ ಅನ್ನುವ ಲೆಕ್ಕಾಚಾರ ಇರಬೇಕು. ಇರಲಿ. ಬ್ಯಾರಲ್ ಬಿಸಿಯ ಮುಂದೆ ಲೆಕ್ಕಾಚಾರ ಎಷ್ಟು ನಡೆಯುತ್ತೆ ಅಂತ ಬಲ್ಲ ನನಗೆ ಸ್ವಲ್ಪ ಅಳುಕು.

ಪ್ರಶ್ನೆ: ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಗನ್ ಬಿಚ್ಚಿ ಜೋಡಿಸುತ್ತಾರಂತೆ. ನಿಮಗೆ ಈಗಲೂ ಬರುತ್ತಾ ಸರ್?

ಉತ್ತರ: ನಿವೃತ್ತಿಯಾದ ಮೇಲೆ ಮುಟ್ಟಿಲ್ಲ ಮರಿ. ಆದರೆ ಕೈಗೆ ಮರೆತಿರಲಿಕ್ಕಿಲ್ಲ. ಹಿಂದಿನ ದಿಮ್ಮಿ, ಸ್ಪ್ರಿಂಗ್ ಕಡ್ಡಿ, ಪಿಸ್ಟನ್ ಜೊತೆ ಬೋಲ್ಟ್, ಕುದುರೆಯ ಭಾಗ, ಬ್ಯಾರಲ್. ಯಾವುದಕ್ಕೂ ಸಲಕರಣೆ ಬೇಡ. ಬೋಲ್ಟ್ ಮುಂದೆ ಇದೆಯಾ ಅಂತ ನೋಡಿಕೊಂಡೇ ಹಿಂದಿನ ಭಾಗ ಬಿಚ್ಚಬೇಕು, ಇಲ್ಲದಿದ್ದರೆ ಒತ್ತಿಕೊಂಡಿರುವ ಸ್ಪ್ರಿಂಗ್ ಮುಖಕ್ಕೆ ಹಾರುತ್ತದೆ. ನನ್ನ ಎಡ ಹುಬ್ಬಿನ ಮೇಲೆ ಒಂದು ಬಿಳಿ ಗೆರೆ ಇದೆ. ಹೇಗೆ ಬಂತು ಅಂತ ಮನೆಯಲ್ಲಿ ಬೇರೆ ಕಥೆ ಹೇಳಿದ್ದೇನೆ.

ಕಣ್ಣು ಕಟ್ಟಿಕೊಂಡಾಗ ನನಗೆ ತುಂಬಾ ಇಷ್ಟವಾಗುತ್ತಿದ್ದದ್ದು ಕೊನೆಯ ಕೆಲಸ. ಬ್ಯಾರಲ್ ಕೂರಿಸಿ ಹಿಡಿ ತಿರುಗಿಸುವಾಗ ಕಟ್, ಕಟ್ ಅಂತ ಸದ್ದು ಬರುತ್ತದೆ. ಅದನ್ನು ಎಣಿಸಬೇಕು. ಎರಡಕ್ಕಿಂತ ಕಡಿಮೆ ಬಂದರೂ ಏಳಕ್ಕಿಂತ ಜಾಸ್ತಿ ಬಂದರೂ ಬ್ಯಾರಲ್ ಕೂತದ್ದು ಸರಿಯಿಲ್ಲ, ಹಾರಿಸುವ ಹಾಗಿಲ್ಲ, ಆರ್ಮರರ್ ಹತ್ತಿರ ತರಬೇಕು. ನಾನೇ ಆರ್ಮರರ್ ಆದ್ದರಿಂದ ತರುವವರೆಲ್ಲ ನನ್ನ ಹತ್ತಿರವೇ ತರುತ್ತಿದ್ದರು. ಅರ್ಧ ಜನ ಎಣಿಸುವುದನ್ನೇ ಮರೆತು, “ಸರ್, ಎಷ್ಟು ಬಂತೋ ಗೊತ್ತಿಲ್ಲ, ನೀವೇ ಒಮ್ಮೆ ತಿರುಗಿಸಿ ನೋಡಿ” ಅನ್ನುತ್ತಿದ್ದರು. ತಿರುಗಿಸಿ ನೋಡಿದರೆ ಸಾಮಾನ್ಯವಾಗಿ ನಾಲ್ಕೋ ಐದೋ ಇರುತ್ತಿತ್ತು.